ಒರೆಸಿದ ಹಲಗೆ

ಮಂಡ್ಯದ ಗುತ್ತಲಿನಲ್ಲಿರುವ ನಮ್ಮ ಸೋದರತ್ತೆಯ ಮನೆಗೆ ಯಾರೇ ಬರಲಿ, ಈ ಕತೆ ಕೇಳದೆ ಎದ್ದು ಹೋಗುವಂತಿಲ್ಲ.

"ನಮ್ಮಣ್ಣನ ಮಗ್ಳು ಮೊದುಲ್ನೇ ಕಿತ ಪರೀಕ್ಸೆಲಿ ಎದ್ರುಕಂಡ್ಬುಟ್ಲು ಕಣಮ್ಮ. ಅಳ್ಳಿ ಕೂಸು, ಅಂತಾ ದೊಡ್ಡ ಕಟ್ಟಡ ಎಲ್ಲಿ ಕಂಡಿತ್ತು? ಫೇಲಾಯ್ತು. ಆಮ್ಯಾಕೆ ಬುದ್ದಿ ಬಂತು, ಕೂತ್ಕಂಡು ಓದುದ್ಲು, ಪಾಸಾದ್ಲು. ಈಗ ನೋಡಿ, ನಮ್ಮನೇಲೇ ಇದ್ಕಂಡು ಐಸ್ಕೂಲ್ಗೆ ಓಯ್ತಾವ್ಳೆ."

ಬಂದವರು ತಲೆದೂಗುತ್ತಾರೆ. ಕಷ್ಟಪಟ್ಟರೆ ಫಲ ಉಂಟು ಎನ್ನುತ್ತಾರೆ. ಅತ್ತೆ ಕಾಫಿ ಕೊಡುತ್ತಾಳೆ. ನಾನು ಅಲ್ಲೇ ಇದ್ದರೆ ಬಾಯಿ ಬಿಡುವ ಮೊದಲೇ, "ನೀನು ಸುಮ್ಕಿರ್ಲಾ, ನಿನ್ ಕಾಲೇಜಿನ ವಾದ ನನ್ ತಾವ ಬ್ಯಾಡ" ಎಂದು ಬಾಗಿಲು ಹಾಕುತ್ತಾಳೆ.

ಈ ಕತೆಯಲ್ಲಿ ಎರಡೇ ಎರಡು ಸಂಗತಿ ನಿಜ. ಮೊದಲ ಸಲ ಫೇಲಾದದ್ದು, ಎರಡನೇ ಸಲ ಪಾಸಾದದ್ದು. ನಡುವಿನದೆಲ್ಲ ಅತ್ತೆಯ ಒಗ್ಗರಣೆ. ನನ್ನ ತಂಗಿ ಹೆದರಲಿಲ್ಲ. ಆಮೇಲೆ ಬಂತೆನ್ನುವ ಬುದ್ಧಿ ಮೊದಲೂ ಅಷ್ಟೇ ಇತ್ತು. ಎರಡು ಪರೀಕ್ಷೆಗಳ ನಡುವೆ ಅವಳು ಹೊಸದಾಗಿ ಕಲಿತದ್ದು ಒಂದೇ ಒಂದು ವಿದ್ಯೆ, ಅದು ಲೆಕ್ಕವಲ್ಲ. ಅದು ಏನು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಅತ್ತೆ ಬಾಗಿಲು ಹಾಕಲಾರಳು.

ಮೈಸೂರಿನ ನಮ್ಮ ಹಾಸ್ಟೆಲ್ಲಿನ ಚರ್ಚಾಕೂಟದಲ್ಲಿ ಒಂದು ಕಟ್ಟಳೆಯಿತ್ತು: ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಬಲ್ಲವನೇ ಅದನ್ನು ಮುರಿಯಬೇಕು. ಆ ಕೂಟದಲ್ಲಿ ನಾನು ಸರ್ಕಾರಿ ಪರೀಕ್ಷೆಯ ಪರವಾಗಿಯೇ ಮಾತಾಡಿ ಗೆದ್ದಿದ್ದೆ. ಸೀಮೆಗೆಲ್ಲ ಒಂದೇ ಪ್ರಶ್ನೆಪತ್ರಿಕೆ. ಉತ್ತರದ ಮೇಲೆ ಹೆಸರಿಲ್ಲ, ಬರೀ ನಂಬರು. ತಿದ್ದುವವನಿಗೆ ಇವನು ಶಾನುಭೋಗರ ಮಗನೋ ತೋಟಿಯ ಮಗನೋ ತಿಳಿಯದು. ಅಮಲ್ದಾರರ ಶಿಫಾರಸು ಒಳಗೆ ನುಗ್ಗಲಾರದ ಜಾಗ ನಮ್ಮ ನಾಡಿನಲ್ಲಿ ಇದ್ದರೆ ಅದು ಪರೀಕ್ಷೆಯ ಕೊಠಡಿ ಎಂದಿದ್ದೆ. ಚಪ್ಪಾಳೆ ಬಿದ್ದಿತ್ತು. ಆ ಮಾತನ್ನು ಈಗಲೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಮಂಡ್ಯದಲ್ಲಿ ಓದಿ, ಅದೇ ಪರೀಕ್ಷೆ ದಾಟಿ, ಹಲಗೂರು ಕಡೆಯ ರೈತನ ಮಗನಾದ ನಾನು ಮೈಸೂರು ಸೇರಿದ್ದು ಆ ನಂಬರಿನಿಂದಲೇ. ಆದರೆ ಅದೇ ನಂಬರು ನನ್ನ ತಂಗಿಗೆ ಏನು ಮಾಡಿತು?

ತಂಗಿ ನನ್ನ ಹಾಗೆ ಮಂಡ್ಯದಲ್ಲಿ ಓದಿದವಳಲ್ಲ. ಊರಿನ ಮಗ್ಗುಲಲ್ಲೇ ಇದ್ದ ಮಿಡ್ಲ್ ಸ್ಕೂಲಿಗೆ ನಡೆದು ಹೋಗುತ್ತಿದ್ದಳು. ಹೆಣ್ಣುಮಗುವನ್ನು ಅಷ್ಟು ದಿನ ಓದಿಸುತ್ತಿರುವುದೇ ಊರಿನವರ ಬಾಯಿಗೆ ಎಲೆಯಡಿಕೆಯಾಗಿತ್ತು. ಒಂದು ದಿನ ಅರಳಿಕಟ್ಟೆಯ ಮೇಲೆ ಯಜಮಾನರೆಲ್ಲ ಸೇರಿ ಅಪ್ಪನನ್ನು ಹಿಡಿದುಕೊಂಡರು. ಅಪ್ಪ ಬೇಸತ್ತು ಒಂದು ಮಾತು ಕೊಟ್ಟ. ಲೋಯರ್ ಸೆಕೆಂಡರಿ ಪರೀಕ್ಷೆಗೆ ಒಂದು ಸಲ ಕೂರಿಸುತ್ತೇನೆ. ಪಾಸಾದರೆ ಗುತ್ತಲಿನಲ್ಲಿ ಅವಳ ಸೋದರತ್ತೆಯ ಮನೆಯಲ್ಲಿಟ್ಟು ಹೈಸ್ಕೂಲಿಗೆ ಹಾಕುತ್ತೇನೆ, ಯಾರೂ ಸೊಲ್ಲೆತ್ತಬಾರದು. ಫೇಲಾದರೆ ಹಲಗೆ ಅಟ್ಟಕ್ಕೆ, ಮಗಳು ಮನೆಗೆ. ನಮ್ಮಪ್ಪನಿಗೆ ಅಕ್ಷರ ಬಾರದು. ಆದ್ದರಿಂದ ಆಡಿದ ಮಾತೇ ಅವನ ರುಜು.

ಅವಳ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು ಒಬ್ಬ ವಯಸ್ಸಾದ ಮೇಷ್ಟ್ರು. ಗಂಟಲು ದೊಡ್ಡದು, ಬೆತ್ತ ಸಣ್ಣದು. ಅವರದೊಂದು ಪದ್ಧತಿಯಿತ್ತು. ಲೆಕ್ಕ ಹೇಳುತ್ತಿದ್ದಂತೆ ಮಕ್ಕಳು ಹಲಗೆಯ ಮೇಲೆ ಬಳಪದಲ್ಲಿ ಮಾಡಬೇಕು, ಉತ್ತರ ಬಂದ ಕೂಡಲೇ ಮಾಡಿದ್ದನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಉತ್ತರವೊಂದನ್ನೇ ನಡುವೆ ದಪ್ಪಗೆ ಬರೆದು, ಹಲಗೆಯನ್ನು ಮೇಷ್ಟರ ಮೇಜಿನ ಮೇಲೆ ಕವುಚಿ ಹಾಕಬೇಕು. ಒಂದರ ಮೇಲೊಂದು ಹಲಗೆ ಬೀಳುತ್ತ ಹೋಗುವುದು. ಕೊನೆಗೆ ಮೇಷ್ಟ್ರು ರಾಶಿಯನ್ನು ಮಗುಚಿ, ಮೊದಲು ಹಾಕಿದವರಿಂದ ನೋಡುತ್ತ ಬರುವರು. ಮಾಡಿದ ಲೆಕ್ಕವನ್ನು ಯಾರಾದರೂ ಒರೆಸದೆ ಬಿಟ್ಟರೆ ಅದು ತಪ್ಪು.

"ಇನ್ನೊಬ್ಬ ಮಾಡಿದ ಲೆಕ್ಕ ಎಂಜಲು ಕಣ್ರೋ," ಎನ್ನುತ್ತಿದ್ದರಂತೆ. "ಉಂಡ ಎಲೆ ಎತ್ತದೆ ಎದ್ದು ಹೋಗ್ತೀರೇನೋ? ಹಾಗೇ ಇದೂನೂ. ನಿನ್ನ ಎಂಜಲು ಪಕ್ಕದೋನು ತಿನ್ನೋ ಹಾಗೆ ಬಿಡಬೇಡ."

ನಗಬೇಡಿ. ಎರಡು ಬೆಂಚು ಸಾಲದೆ ನೆಲದ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವ ಮಕ್ಕಳಲ್ಲಿ ಕಾಪಿ ಹೊಡೆಯುವುದನ್ನು ತಡೆಯಲು ಇದಕ್ಕಿಂತ ಒಳ್ಳೆಯ ಉಪಾಯವನ್ನು ಯಾವ ಟ್ರೈನಿಂಗ್ ಕಾಲೇಜೂ ಹೇಳಿಕೊಟ್ಟಿಲ್ಲ. ಆ ವರ್ಷ ತಪಾಸಣೆಗೆ ಬಂದಿದ್ದ ಇನ್ಸ್‌ಪೆಕ್ಟರಿಗೂ ಅದು ಹಿಡಿಸಿತ್ತು. ಕೊಟ್ಟ ಲೆಕ್ಕಕ್ಕೆ ಎಲ್ಲರಿಗಿಂತ ಮೊದಲು ಹಲಗೆ ಕವುಚಿದವಳು ನನ್ನ ತಂಗಿ. ಅವರು ಆ ಹಲಗೆಯನ್ನು ಎರಡು ಕೈಯಲ್ಲಿ ಎತ್ತಿ ಕ್ಲಾಸಿಗೆಲ್ಲ ತೋರಿಸಿದರು. "ನೋಡಿ, ಕನ್ನಡಿ ಹಾಗಿದೆ. ಹೀಗಿರಬೇಕು" ಎಂದರು. ಅವಳು ಆ ದಿನ ಮನೆಗೆ ಬಂದು ಹಲಗೆಯನ್ನು ಗೂಡಿನಲ್ಲಿ ನಿಲ್ಲಿಸಿ, ಯಾರೂ ಮುಟ್ಟಕೂಡದೆಂದು ಕಟ್ಟು ಮಾಡಿದ್ದಳು.

ಪರೀಕ್ಷೆ ಮಳವಳ್ಳಿಯಲ್ಲಿ ನಡೆಯಿತು. ನಾನು ಮೈಸೂರಿನಲ್ಲಿದ್ದೆ. ಅಲ್ಲಿ ನಡೆದದ್ದನ್ನು ಅವಳೇ ಆಮೇಲೆ ಹೇಳಿದಳು. ಬೆಂಚು, ಡೆಸ್ಕು, ಶಾಯಿ ಬಟ್ಟಲು, ನಯವಾದ ಬಿಳೀ ಕಾಗದ. ಮಕ್ಕಳು ಅಷ್ಟು ಒಳ್ಳೆಯ ಕಾಗದವನ್ನು ಕೈಯಲ್ಲಿ ಹಿಡಿದದ್ದೇ ಅಪರೂಪ. ಹಲಗೆ ಒಳಗೆ ತರಕೂಡದು ಎಂದಿದ್ದರು. ಬಳಪ ತರಕೂಡದು ಎಂದು ಯಾರೂ ಅನ್ನಲಿಲ್ಲ. ಅವಳ ಶಾಲೆಯ ಮಕ್ಕಳೆಲ್ಲ ಲೆಕ್ಕವನ್ನು ಡೆಸ್ಕಿನ ಮರದ ಮೇಲೆ ಬಳಪದಲ್ಲಿ ಮಾಡಿ, ಉತ್ತರ ಬಂದ ಕೂಡಲೇ ಅಂಗಿಯ ತೋಳಿನಿಂದಲೋ ಲಂಗದ ಅಂಚಿನಿಂದಲೋ ಒರೆಸಿ, ಕಾಗದದ ಮೇಲೆ ಉತ್ತರವೊಂದನ್ನೇ ಶಾಯಿಯಲ್ಲಿ ದಪ್ಪಗೆ ಬರೆದು ಇಟ್ಟರು.

"ಕಾಗದದ ಮೇಲೇ ಮಾಡಬೌದಿತ್ತಲ್ಲ?" ಎಂದು ಕೇಳಿದ್ದೆ.

"ಅಷ್ಟು ಚೆನ್ನಾಗಿದ್ ಕಾಗ್ದನ ಆಳ್ ಮಾಡೋದಾ?" ಎಂದಳು.

ಡೆಸ್ಕಿನ ಮೇಲೆಲ್ಲ ಬಳಪದ ಬಿಳಿ ಮೆತ್ತಿಕೊಂಡಿತ್ತಂತೆ. ಕಾವಲಿಗಿದ್ದವರು ಧೂಳೆಂದುಕೊಂಡು ಊದಿ ಮುಂದೆ ಹೋದರಂತೆ.

ಫಲಿತಾಂಶ ಬಂತು. ಕನ್ನಡದಲ್ಲಿ ಪಾಸು, ಚರಿತ್ರೆಯಲ್ಲಿ ಪಾಸು, ಲೆಕ್ಕದಲ್ಲಿ ಮಾತ್ರ ಇಲ್ಲ. ಅವಳೊಬ್ಬಳೇ ಅಲ್ಲ, ಆ ಶಾಲೆಯಿಂದ ಕೂತ ಒಬ್ಬರೂ ಲೆಕ್ಕದಲ್ಲಿ ದಾಟಿರಲಿಲ್ಲ. ಅರಳಿಕಟ್ಟೆಯ ಯಜಮಾನರು ಅಪ್ಪನಿಗೆ ಅವನ ಮಾತನ್ನು ನೆನಪಿಸಬೇಕಾಗಿಯೂ ಬರಲಿಲ್ಲ. ಅಪ್ಪ ಗೂಡಿನಲ್ಲಿದ್ದ ಹಲಗೆಯನ್ನು ತೆಗೆದು ಅಟ್ಟದ ಮೇಲಿಟ್ಟ.

ರಜೆಗೆ ಬಂದ ನಾನು ಬಿಡಲಿಲ್ಲ. "ಲೆಕ್ಕದಲ್ಲಿ ಇವಳು ಫೇಲಾಗುವುದು ಎಂದರೆ ಏನಪ್ಪ? ನಿನ್ನ ಎತ್ತಿನ ಜೋಡಿಯ ವ್ಯಾಪಾರದಲ್ಲಿ ತರಗಿನ ದಲ್ಲಾಳಿ ಬಾಯಿ ಬಿಡುವ ಮೊದಲೇ ಬೆಲೆ ಕಟ್ಟಿದವಳು ಇವಳು. ಎಲ್ಲೋ ತಪ್ಪಿದೆ. ಕೇಳಿ ಬರೋಣ."

"ಯಾರ್ನ ಕೇಳೀಯೆ? ಸರ್ಕಾರ್ವ?"

"ಇನ್ಸ್‌ಪೆಕ್ಟರನ್ನ. ಮದ್ದೂರಿನ ಬಂಗಲೆಯಲ್ಲಿ ಮೊಕ್ಕಾಂ ಮಾಡಿದ್ದಾರಂತೆ."

ಅಪ್ಪ ಎತ್ತಿನ ಕೊರಳ ಗಂಟೆಯನ್ನು ಸರಿ ಮಾಡಿದ. "ನಡಿ ಮತ್ತೆ," ಎಂದ. "ಆದ್ರೆ ನನ್ ಮಾತು ಮಾತೇ. ಅವ್ರು ಫೇಲು ಅಂದ್ರೆ ಫೇಲೇಯ."

ತಂಗಿ ಅಟ್ಟದಿಂದ ಹಲಗೆ ಇಳಿಸಿ, ಬಳಪವನ್ನೂ ಹಿಡಿದುಕೊಂಡು ಬಂದಳು. ಮಳವಳ್ಳಿಯವರೆಗೆ ಗಾಡಿ, ಅಲ್ಲಿಂದ ಮದ್ದೂರಿಗೆ ಬಸ್ಸು. ಬಸ್ಸಿನಲ್ಲಿ ಅವಳು ಹಲಗೆಯನ್ನು ಮಡಿಲಲ್ಲಿ ಕವುಚಿ ಹಿಡಿದುಕೊಂಡಿದ್ದಳು.

ಇನ್ಸ್‌ಪೆಕ್ಟರು ಕೆಟ್ಟವರಲ್ಲ. ಅವರು ಕೆಟ್ಟವರಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಬಂಗಲೆಯ ಜಗಲಿಯಲ್ಲಿ ಪಂಚೆ ಉಟ್ಟು ಕೂತಿದ್ದರು, ನಮ್ಮನ್ನು ಕೂರಿಸಿದರು. ಅಪ್ಪ ಕೂರಲಿಲ್ಲ, ಕಂಬ ಹಿಡಿದು ನಿಂತ. ನಾನು ಶಾಲೆಯ ಹೆಸರು ಹೇಳಿದ ಕೂಡಲೇ ಅವರ ಮುಖ ಗಂಟಾಯಿತು.

"ಆ ಶಾಲೆಯದೇ? ನೋಡಪ್ಪ, ನನಗೂ ಅದು ಬೇಸರದ ವಿಷಯ. ತಿದ್ದಿದವರು ಷರಾ ಬರೆದಿದ್ದಾರೆ. ಒಂದು ಪತ್ರಿಕೆಯಲ್ಲೂ ಲೆಕ್ಕ ಮಾಡಿದ ಗುರುತಿಲ್ಲ. ಬರೀ ಉತ್ತರ. ಬಹುಪಾಲು ಲೆಕ್ಕಕ್ಕೆ ಎಲ್ಲರದೂ ಒಂದೇ ಉತ್ತರ. ಹೊರಗಿನಿಂದ ಯಾರೋ ಹೇಳಿಕೊಟ್ಟಿರಬೇಕು, ಇಲ್ಲವೆ ಒಬ್ಬನನ್ನು ನೋಡಿ ಎಲ್ಲರೂ ಬರೆದಿರಬೇಕು ಅಂತ."

"ಸರಿಯುತ್ತರ ಒಂದೇ ತಾನೇ ಸಾರ್?" ಎಂದೆ. "ಎಲ್ಲರದೂ ಬೇರೆ ಬೇರೆ ಇರಬೇಕಿತ್ತೇ?"

ಅವರು ನಕ್ಕರು. "ಕಾಲೇಜಿನವನೋ?"

"ಹೌದು."

"ಹಾಗಾದರೆ ಕೇಳು. ನಾನು ನಿನ್ನ ತಂಗಿಯನ್ನು ನಂಬುತ್ತೇನೆ ಅಂತಲೇ ಇಟ್ಟುಕೋ. ನಾಳೆ ಅಮಲ್ದಾರರು ತಮ್ಮ ಭಾವಮೈದುನನನ್ನು ಕರೆತಂದು, ಇವನನ್ನೂ ನಂಬಿ ಅನ್ನುತ್ತಾರೆ. ಆಗ? ನಂಬಿಕೆಯನ್ನು ಹೊರಗಿಡುವುದಕ್ಕೇ ಪರೀಕ್ಷೆ ಇರುವುದು. ಬರೆದದ್ದಕ್ಕೆ ಅಂಕ, ಬರೆಯದ್ದಕ್ಕೆ ಇಲ್ಲ. ನನ್ನ ಮಗನಿಗೂ ಅಷ್ಟೆ."

ಇದು ನನ್ನದೇ ವಾದ. ಹಾಸ್ಟೆಲ್ಲಿನಲ್ಲಿ ಚಪ್ಪಾಳೆ ಗಿಟ್ಟಿಸಿದ್ದು ನನ್ನ ಎದುರಿಗೆ ಪಂಚೆ ಉಟ್ಟುಕೊಂಡು ಕೂತಿತ್ತು. ಆದರೂ ಒಂದು ಬಿರುಕು ಕಂಡಿತು, ಅಲ್ಲಿಗೇ ಕೈ ಹಾಕಿದೆ.

"ಲೆಕ್ಕ ಮಾಡಿದ್ದನ್ನೂ ಬರೆಯಬೇಕು ಅಂತ ಪ್ರಶ್ನೆಪತ್ರಿಕೆಯಲ್ಲಿ ಇದೆಯೇ ಸಾರ್?"

ಅವರು ಒಳಗಿನಿಂದ ಪತ್ರಿಕೆ ತರಿಸಿ ನೋಡಿದರು. ಇರಲಿಲ್ಲ. "ಅದನ್ನು ಬೇರೆ ಹೇಳಬೇಕೆ? ಎಲ್ಲರಿಗೂ ಗೊತ್ತಿರುವ ವಿಷಯ."

"ಎಲ್ಲರಿಗೂ ಅಂದರೆ ಯಾರಿಗೆ? ನನಗೆ ಗೊತ್ತಿತ್ತು, ನಾನು ಮಂಡ್ಯದಲ್ಲಿ ಓದಿದೆ, ನೋಟುಬುಕ್ಕಿನಲ್ಲಿ ಬರೆದೆ. ಇವಳಿಗೆ ಗೊತ್ತಿದ್ದದ್ದು ಒರೆಸಬೇಕು ಅಂತ. ಒರೆಸದಿದ್ದರೆ ಏಟು. ಪತ್ರಿಕೆ ಒಂದೇ ಇರಬಹುದು ಸಾರ್, ಅದರಲ್ಲಿ ಬರೆಯದೆ ಬಿಟ್ಟ ಕಟ್ಟಳೆ ಎಲ್ಲರ ಮನೆಗೂ ಮುಟ್ಟಿಲ್ಲ. ಕಾಪಿ ಮಾಡಬಾರದು ಅಂತ ಒರೆಸಿದರು, ಒರೆಸಿದ್ದಕ್ಕೆ ಕಾಪಿ ಮಾಡಿದರು ಅಂದಿರಿ."

ಅವರು ತಂಗಿಯ ಕಡೆ ತಿರುಗಿದರು. ಆಮೇಲೆ ಅದೇ ಪತ್ರಿಕೆಯಿಂದ ಓದಿದರು. "ಹನ್ನೆರಡು ಆಳು ಹದಿನೈದು ದಿನದಲ್ಲಿ ಒಂದು ಕಾಲುವೆ ಅಗೆಯುತ್ತಾರೆ. ಒಂಬತ್ತು ಆಳಿಗೆ ಎಷ್ಟು ದಿನ? ಮಾಡಮ್ಮ."

ಅವಳು ಹಲಗೆಯನ್ನು ಮಗುಚಲೂ ಇಲ್ಲ. "ಇಪ್ಪತ್ತು."

"ಹೇಗೆ ಬಂತು?"

"ಮೂರಾಳು ಕಮ್ಮಿ ಆದ್ರಲ್ಲ ಸಾ. ಆ ಮೂವರ ಕೆಲ್ಸವ ಒಂಬತ್ ಜನ ಅಂಚ್ಕಬೇಕು. ಮೂವರ್ಗೆ ಒಬ್ಬನ ಪಾಲು. ಅದಿನೈದ್ರಲ್ಲಿ ಮೂರ್ನೇ ಒಂದು ಐದು. ಅದ್ನ ಕೂಡುಸ್ದೆ."

ನನಗೆ ಗೊತ್ತಿದ್ದದ್ದು ಗುಣಿಸಿ ಭಾಗಿಸುವ ದಾರಿ. ಇದು ಹೊಲದ ಬದುವಿನ ದಾರಿ. ಇನ್ಸ್‌ಪೆಕ್ಟರು "ಭೇಷ್" ಎಂದರು. ನಾನು ಗೆದ್ದೆ ಎಂದುಕೊಂಡೆ. ಇಲ್ಲಿಗೇ ನಿಂತಿದ್ದರೆ ಕತೆ ನನಗೆ ಬೇಕಾದ ಹಾಗೆ ಮುಗಿಯುತ್ತಿತ್ತು. ಅವರು ಇನ್ನೊಂದು ಓದಿದರು.

"ಗಾಡಿಯ ಚಕ್ರದ ಸುತ್ತಳತೆ ಹನ್ನೊಂದು ಅಡಿ. ಒಂದು ಮೈಲಿ ಹೋಗಲು ಚಕ್ರ ಎಷ್ಟು ಸುತ್ತು ಸುತ್ತಬೇಕು?"

ಈ ಸಲ ಅವಳು ಹಲಗೆ ತೆಗೆದಳು. ಬಳಪ ಸರಸರ ಓಡಿತು. ಲಂಗದ ಅಂಚು ಒಂದು ಸಲ ಹಾಯಿತು. ಉತ್ತರ ಬರೆದು ಹಲಗೆಯನ್ನು ಅವರ ಮುಂದಿನ ಮೇಜಿನ ಮೇಲೆ ಕವುಚಿ ಹಾಕಿದಳು, ಶಾಲೆಯಲ್ಲಿ ಹಾಕುವ ಹಾಗೆ.

ಅವರು ಮಗುಚಿ ನೋಡಿದರು. ನಾನೂರ ಎಪ್ಪತ್ತು. ಬರಬೇಕಾದದ್ದು ನಾನೂರ ಎಂಬತ್ತು.

"ಹತ್ತು ಸುತ್ತು ಎಲ್ಲಿ ಕಳೆದುಹೋಯಿತಮ್ಮ?"

ಅವಳು ಹಲಗೆ ನೋಡಿದಳು. ಹಲಗೆ ಕನ್ನಡಿಯ ಹಾಗಿತ್ತು.

"ನೋಡಿದೆಯಾ," ಎಂದು ಅವರು ನನ್ನ ಕಡೆ ತಿರುಗಿದರು. ಗೆದ್ದವರ ದನಿಯಲ್ಲ, ನಿಜಕ್ಕೂ ಬೇಜಾರಿನ ದನಿ. "ಒರೆಸದೆ ಬಿಟ್ಟಿದ್ದರೆ ಎಲ್ಲಿ ಜಾರಿದಳು ಅಂತ ನೋಡಿ ಮುಕ್ಕಾಲು ಅಂಕ ಕೊಡುತ್ತಿದ್ದೆ. ಈಗ ನಾನು ಏನಕ್ಕೆ ಕೊಡಲಿ?"

ಆ ಮಾತು ನಿಜ. ಅದನ್ನು ಬಚ್ಚಿಡುವುದಿಲ್ಲ. ಲೆಕ್ಕದ ದಾರಿ ಉಳಿದಿದ್ದರೆ ಅದು ಮಗುವಿನ ಪರವಾಗಿ ಸಾಕ್ಷಿ ಹೇಳುತ್ತಿತ್ತು. ಆದರೆ ಮೊದಲನೆಯ ಲೆಕ್ಕ ಸರಿಯಾಗಿತ್ತಲ್ಲ? ಪರೀಕ್ಷೆಯಲ್ಲಿ ಅಂಥವು ಎಷ್ಟು ಸರಿಯಾಗಿದ್ದವೋ, ಅವಕ್ಕೂ ಸೊನ್ನೆ ತಾನೇ ಹಾಕಿದ್ದು? ಅದನ್ನು ಕೇಳಿದೆ.

"ಷರಾ ಮೇಲಿನಿಂದ ಬಂದದ್ದು. ನನ್ನ ಕೈಯಲ್ಲಿಲ್ಲ," ಎಂದರು. "ಮುಂದಿನ ವರ್ಷ ಕೂರಲಿ. ಬುದ್ಧಿವಂತೆ, ಪಾಸಾಗುತ್ತಾಳೆ."

"ಮುಂದಿನ ವರ್ಷ ಅನ್ನುವುದು ನಮ್ಮ ಮನೆಯಲ್ಲಿಲ್ಲ ಸಾರ್."

ಕಂಬ ಹಿಡಿದು ನಿಂತಿದ್ದ ಅಪ್ಪ ಅಷ್ಟು ಹೊತ್ತಿಗೆ ಬಾಯಿ ಬಿಟ್ಟ. "ಬುದ್ಧಿ, ಆ ಕಾಗ್ದದಾಗೆ ನನ್ ಮಗ್ಳು ಕದ್ದವ್ಳೆ ಅಂತ ಬರ್ದದಾ?"

"ಹಾಗಂತ ಅಲ್ಲ ಗೌಡರೇ. ಸಂಶಯ ಅಂತ."

"ಎರಡೂ ಒಂದೇಯ," ಎಂದು ಅಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ.

ಮಳವಳ್ಳಿಯಲ್ಲಿ ಬಸ್ಸಿಳಿದು ಗಾಡಿ ಹೂಡುವಾಗ ಅಪ್ಪ ನನ್ನ ಕಡೆ ನೋಡದೆ ಹೇಳಿದ, "ಮುಂದಿನ್ ವರ್ಸ ಕೂರ್ಲಿ."

"ಮಾತು ಮಾತೇ ಅಂದಿದ್ದೆಯಲ್ಲಪ್ಪ?"

"ಫೇಲು ಅಂದಿದ್ರೆ ಮನೇಲಿ ಕೂರುಸ್ತಿದ್ದೆ ಕಣ್ಲಾ. ಅವ್ರು ಫೇಲು ಅನ್ನಿಲ್ಲ. ಕಳ್ಳಿ ಅಂದ್ರು. ಕಳ್ಳಿ ಅನ್ನುಸ್ಕಂಡು ನನ್ ಮಗ್ಳು ಮನೇಲಿ ಕೂರಕಿಲ್ಲ. ನಾನ್ ಕೊಟ್ಟಿದ್ ಮಾತ್ನ ನಾನೇ ಮುರೀತೀನಿ, ಯಾವನ್ ಏನಂದನೋ ಅನ್ಲಿ ಬುಡು." ಆ ಸಂಜೆ ಅರಳಿಕಟ್ಟೆಯ ಮುಂದೆಯೇ ಗಾಡಿ ಹೊಡೆದುಕೊಂಡು ಹೋದ. ಬೇರೆ ದಾರಿಯಿತ್ತು.

ಆ ರಜೆಯೆಲ್ಲ ನಾನು ಅವಳಿಗೆ ಕಲಿಸಿದ್ದು ಲೆಕ್ಕವಲ್ಲ, ಒರೆಸದಿರುವುದು. ಅದು ಅವಳಿಗೆ ಬಹಳ ಕಷ್ಟವಾಯಿತು. ಉತ್ತರ ಬಂದ ಕೂಡಲೇ ಕೈ ತಾನಾಗಿ ಲಂಗದ ಅಂಚಿಗೆ ಹೋಗುತ್ತಿತ್ತು.

"ಗೊತ್ತಿರೋದ್ನ ಯಾಕಣ್ಣ ಬರೀಬೇಕು?"

"ತಿದ್ದುವವನಿಗೆ ತೋರಿಸಲು."

"ಅವ್ರಿಗೆ ಲೆಕ್ಕ ಬರಾಕಿಲ್ವಾ?"

"ಬರುತ್ತೆ. ನಿನಗೆ ಬರುತ್ತೆ ಅಂತ ಅವರಿಗೆ ನಂಬಿಕೆಯಿಲ್ಲ."

"ಅಂಗನ್ನು ಮತ್ತೆ," ಎಂದು ಬರೆದಳು. ಮೂರು ಆಳಿನ ಕೆಲಸ ಹಂಚುವ ಅವಳ ದಾರಿಯನ್ನೂ ನಾನು ಬಿಡಿಸಿದೆ. ತಿದ್ದುವವರಿಗೆ ಅಭ್ಯಾಸವಿರುವ ದಾರಿಯಲ್ಲೇ ಬರೆ ಎಂದೆ. ಆ ದಾರಿಯಲ್ಲಿ ಅವಳು ಮೊದಲಿಗಿಂತ ನಿಧಾನವಾದಳು. ಮಾರನೆಯ ವರ್ಷ ಮಳವಳ್ಳಿಯಲ್ಲೇ ಕೂತು ಪಾಸಾದಳು. ಇದನ್ನು ಬುದ್ಧಿ ಬಂತು ಎನ್ನುವವರು ಅನ್ನಲಿ.

ಅವಳ ಜೊತೆ ಮೊದಲ ಸಲ ಕೂತವರಲ್ಲಿ ಮತ್ತೆ ಯಾರೂ ಕೂರಲಿಲ್ಲ. ಅವರಿಗೆ ಮದ್ದೂರಿನ ಬಂಗಲೆಯವರೆಗೆ ಹೋಗಿ ಇಂಗ್ಲಿಷು ಕಲಿತ ಅಣ್ಣನಿಂದ ವಾದ ಮಾಡಿಸುವ ದಾರಿಯಿರಲಿಲ್ಲ. ತಾವು ಫೇಲಾದದ್ದು ಯಾಕೆ ಎಂದೂ ತಿಳಿಯಲಿಲ್ಲ. ಲೆಕ್ಕ ತಮಗೆ ಬರುವುದಿಲ್ಲ ಎಂದೇ ನಂಬಿ ಹೊಲಕ್ಕೆ ಇಳಿದರು. ಶಿಫಾರಸಿಗೆ ಜಾಗವಿಲ್ಲ ಎಂದು ನಾನು ಹೊಗಳಿದ ಪರೀಕ್ಷೆಯಲ್ಲಿ ನನ್ನ ತಂಗಿಗೆ ಸಿಕ್ಕ ಎರಡನೇ ಅವಕಾಶ ನನ್ನಿಂದಲ್ಲವೇ? ಹಾಗಾದರೆ ನಾನು ಯಾರು, ಭಾವಮೈದುನನನ್ನು ಕರೆತಂದ ಅಮಲ್ದಾರನೇ? ಚರ್ಚಾಕೂಟದಲ್ಲಿ ಇದನ್ನು ಎತ್ತಿದಾಗ ಅಧ್ಯಕ್ಷರು ವಿಷಯಕ್ಕೆ ಸಂಬಂಧವಿಲ್ಲ ಎಂದು ಗಂಟೆ ಬಾರಿಸಿದರು.

ಮೇಷ್ಟರಿಗೆ ನಡೆದದ್ದನ್ನು ಹೋಗಿ ಹೇಳಿದೆ. ಅವರು ಮೂಗಿನ ನಶ್ಯ ಒರೆಸಿಕೊಂಡರು. ಆಮೇಲೆ ಮಕ್ಕಳಿಗೆ ಹೊಸ ಕಟ್ಟಳೆ ಮಾಡಿದರು. ಕಾಗದದ ಮೇಲೆ ಸರ್ಕಾರಕ್ಕೆ ಎಲ್ಲವನ್ನೂ ಬರೆಯಿರಿ, ನನ್ನ ಹಲಗೆಯ ಮೇಲೆ ಮಾತ್ರ ಒರೆಸಿ. ಹಟವೋ ಪಶ್ಚಾತ್ತಾಪವೋ ಕೇಳಲಿಲ್ಲ.

ಅತ್ತೆ ಹೇಳುವ ಕತೆಯಲ್ಲಿ ಮದ್ದೂರೇ ಇಲ್ಲ. ಅದರಿಂದಲೇ ಅದು ಅಷ್ಟು ನುಣ್ಣಗಿದೆ. ಮದ್ದೂರಿನಲ್ಲಿ ಕೊನೆಗೆ ಒಂದು ಮಾತು ನಡೆಯಿತು, ಅದನ್ನು ಇನ್ನೂ ಹೇಳಿಲ್ಲ. ನಾವು ಜಗಲಿಯ ಮೆಟ್ಟಿಲಿಳಿದಿದ್ದೆವು. ಅಪ್ಪ ಮುಂದೆ ಹೋಗಿದ್ದ. ಇನ್ಸ್‌ಪೆಕ್ಟರು ಕಳಿಸಿಕೊಡುವ ಮರ್ಯಾದೆಗೆ ಎದ್ದು ನಿಂತಿದ್ದರು. ಅಷ್ಟು ಹೊತ್ತು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟಿದ್ದ ತಂಗಿ ಹಿಂತಿರುಗಿ, ಹಲಗೆಯನ್ನು ಎದೆಗವುಚಿಕೊಂಡು ಅವರನ್ನೇ ಕೇಳಿದಳು. ಜೋರಾಗಿ ಅಲ್ಲ, ಗೊತ್ತಿಲ್ಲದ್ದನ್ನು ಮೇಷ್ಟರನ್ನು ಕೇಳುವ ಹಾಗೆ.

"ನಮ್ ಇಸ್ಕೂಲಿಗೆ ಬಂದಿದ್ರಲ್ಲ ಸಾ, ನನ್ ಅಲ್ಗೆ ಎತ್ತಿ ಎಲ್ರಿಗೂ ತೋರ್ಸಿ ಕನ್ನಡಿ ಅಂಗದೆ ಅಂದ್ರಲ್ಲ, ಅವತ್ತು ನಾನ್ ಮಾಡಿದ್ ಲೆಕ್ಕ ಎಲ್ಲೋಯ್ತು ಅಂತ ಯಾಕೆ ಕೇಳ್ನಿಲ್ಲ?"